ಪ್ಲಗ್ ಹಾಕೋ ಕಾರು, ಜಾಗ ಬಿಡದ ಯಜಮಾನರು

ಗುರುರಾಜ್: ದಿನಕ್ಕೆ ನಲವತ್ತು ಕಿಲೋಮೀಟರ್ ಅಂತ ಬರ್ಕೊಳ್ಳಮ್ಮ.

ರಮಾಮಣಿ: ನಲವತ್ತಾ! ರೀ, ಆ ಹುಡುಗಿ ಕೇಳ್ತಿರೋದು ಕಾರು ಎಷ್ಟು ಓಡುತ್ತೆ ಅಂತ. ನಿಮ್ಮ ಬಾಯಿ ಎಷ್ಟು ಓಡುತ್ತೆ ಅಂತಲ್ಲ.

ಕೆ.ಆರ್. ಪುರದ ಕಾರ್ಖಾನೆ ನೌಕರರ ಕಾಲೋನಿ. ಮನೆಯ ಗೇಟಿನ ಮುಂದೆಯೇ ಗಂಡಹೆಂಡಿರ ಈ ಜಟಾಪಟಿ. ಗುರುರಾಜ್ ನಿವೃತ್ತರಾಗಿ ಎರಡು ವರ್ಷ. ಹಳೇ ಕಾರು ಕೊಟ್ಟು, ಕರೆಂಟಿಗೂ ಪೆಟ್ರೋಲಿಗೂ ಓಡುವ ಪ್ಲಗ್-ಇನ್ ಹೈಬ್ರಿಡ್ ಕೊಳ್ಳುವ ಹುಚ್ಚು ಹತ್ತಿತ್ತು. ಶೋರೂಮಿನ ದಿವ್ಯ ಡೆಮೊ ಕಾರನ್ನೇ ತಂದು, ಅದು ಇವರಿಗೆ ಹೊಂದುತ್ತದೋ ಇಲ್ಲವೋ ಎಂದು ಪ್ರಶ್ನೆ ಕೇಳುತ್ತಿದ್ದಳು.

ದಿವ್ಯ: ಸರ್, ದಿನಾ ಸಿಟಿ ಒಳಗೆ ಓಡಾಡಿ, ಮನೇಲಿ ಚಾರ್ಜ್ ಹಾಕೋರಿಗೆ ಇದು ಸರಿ. ಇಲ್ದಿದ್ರೆ ಸುಮ್ನೆ ಬ್ಯಾಟರಿ ಹೊತ್ಕೊಂಡು ತಿರುಗ್ದಂಗೆ. ನಿಜವಾಗ್ಲೂ ಎಷ್ಟು ಓಡಿಸ್ತೀರಾ?

ರಮಾಮಣಿ: ವರ್ಷಕ್ಕೆ ಎರಡು ಸಲ ಕಣಮ್ಮ. ಒಂದು ಎಮಿಷನ್ ಟೆಸ್ಟಿಗೆ. ಇನ್ನೊಂದು ಆಯುಧಪೂಜೆ ದಿನ ನಿಂಬೆಹಣ್ಣಿನ ಮೇಲೆ ಹತ್ತಿಸೋಕೆ. ನಾಲ್ಕಡಿ ಮುಂದಕ್ಕೆ, ನಾಲ್ಕಡಿ ಹಿಂದಕ್ಕೆ.

ಗುರುರಾಜ್: ತೆಗೆದ್ರೆ ಜಾಗ ಹೋಗುತ್ತಲ್ಲೇ! ಎದುರುಮನೆ ಕೆಂಪರಾಜ್ ಬಾಡಿಗೆದಾರರ ಮೂರು ಕಾರು ಇದಕ್ಕೇ ಹೊಂಚು ಹಾಕ್ತಿವೆ.

ರಮಾಮಣಿ: ಜಾಗ ಹೋಗುತ್ತೆ ಅಂತ ಮಾರ್ಕೆಟಿಗೂ ಆಟೋ, ಮದುವೆಗೂ ಆಟೋ. ವಿಭಾ ರಿಚರ್ಡ್ಸ್ ಟೌನಲ್ಲಿ ಮನೆ ಮಾಡಿ ಎಂಟು ತಿಂಗಳಾಯ್ತು. ಹೆತ್ತ ಮಗಳ ಮನೆಗೆ ಒಂದು ದಿನ ಕಾರಲ್ಲಿ ಕರ್ಕೊಂಡು ಹೋದ್ರಾ?

ಗುರುರಾಜರ ಮುಖ ಸಣ್ಣದಾಯಿತು. ಆ ಜಾಗವೇನೂ ಅವರ ಹೆಸರಿಗಿರಲಿಲ್ಲ, ರಸ್ತೆ ಸರ್ಕಾರದ್ದು. ಆದರೂ ಕಾರಿಗೆ ಹೊದಿಕೆ ಹೊದಿಸಿ, ನಿಧಿ ಕಾಯುವ ಸರ್ಪದ ಹಾಗೆ ಕಾದಿದ್ದರು. ಹೆಂಡತಿ ಹೇಳಿದ್ದು ನಿಜವೆಂದು ಅವರಿಗೂ ಗೊತ್ತಿತ್ತು, ಅದಕ್ಕೇ ಸಿಟ್ಟು ಬಂತು.

ಗುರುರಾಜ್: ಅದಕ್ಕೇ ಕಣೇ ಹೊಸ ಕಾರು! ಕರೆಂಟಲ್ಲಿ ದಿನಾ ಹೋಗಿ ಬರಬಹುದು.

ರಮಾಮಣಿ: ಕರೆಂಟಲ್ಲಿ ಹೋದ್ರೆ ಕೆಂಪರಾಜ್ ಮನೆಯೋರು ಜಾಗ ಬಿಡ್ತಾರಾ?

ದಿವ್ಯ: (ನಗು ನುಂಗಿ) ಮೊದ್ಲು ಚಾರ್ಜರ್ ವೈರ್ ಎಟಕುತ್ತಾ ನೋಡೋಣ. ಸರ್, ನಿಮ್ಮ ಕಾರು ಸ್ವಲ್ಪ ತೆಗೀತೀರಾ?

ಹಳೇ ಕಾರು ಕೆಮ್ಮಿ ಕೆಮ್ಮಿ ರಸ್ತೆಯ ತಿರುವಿನವರೆಗೆ ಹೋಗಿ ನಿಂತಿತು. ತಿಂಗಳುಗಟ್ಟಲೆ ಮಲಗಿದ್ದ ಬ್ಯಾಟರಿ ಮತ್ತೆ ಏಳಲಿಲ್ಲ. ಅದನ್ನಲ್ಲೇ ಬಿಟ್ಟು ಗುರುರಾಜ್ ಓಡೋಡಿ ಬರುವಷ್ಟರಲ್ಲಿ ದಿವ್ಯ ಡೆಮೊ ಕಾರನ್ನು ಜಾಗದಲ್ಲಿ ನಿಲ್ಲಿಸಿ, ವೈರನ್ನು ಮನೆಯ ಕಿಟಕಿಯೊಳಗೆ ತೂರಿಸಿ, ಪ್ಲಗ್ ಹಾಕಿದ್ದಳು.

ದಿವ್ಯ: ಎಟಕ್ತು ಸರ್! ಬನ್ನಿ, ಈಗ ಒಂದು ರೌಂಡ್ ಓಡಿಸಿ ನೋಡಿ.

ಗುರುರಾಜ್: ಇದೂ ಹೊರಟ್ರೆ ಜಾಗ ಖಾಲಿ ಆಗುತ್ತಲ್ಲಮ್ಮ! ನಮ್ಮದು ಅಲ್ಲಿ ಕೆಟ್ಟು ನಿಂತಿದೆ.

ದಿವ್ಯ: ಓಡಿಸ್ದೇ ಹೇಗ್ ಸರ್ ಗೊತ್ತಾಗೋದು?

ಗುರುರಾಜ್: ನಿಲ್ಸಿ ನೋಡಿದ್ವಲ್ಲ. ಚೆನ್ನಾಗೇ ನಿಲ್ಲುತ್ತೆ.

ರಮಾಮಣಿ ಸರಸರನೆ ಒಳಗೆ ಹೋದರು. ಬರುವಾಗ ಹೆಗಲಲ್ಲಿ ಬ್ಯಾಗಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿತ್ತು.

ರಮಾಮಣಿ: ನಡಿಯಮ್ಮ ದಿವ್ಯ. ರಿಚರ್ಡ್ಸ್ ಟೌನ್ ತನಕ ನಾನೇ ನೋಡ್ಕೊಂಡು ಬರ್ತೀನಿ.

ಗುರುರಾಜ್: ಮತ್ತೆ ನಾನು?

ರಮಾಮಣಿ: (ಕುರ್ಚಿ ಚಾಚಿ) ಹಿಡ್ಕೊಳ್ಳಿ.

ಕಾರು ಸದ್ದಿಲ್ಲದೆ ಜಾರಿಕೊಂಡು ಹೋಯಿತು. ಎದುರುಮನೆಯ ಬಾಡಿಗೆದಾರ ಆಗಲೇ ಬೀಗದ ಕೈ ಆಡಿಸುತ್ತಾ ಹೊರಬಂದಿದ್ದ. ಗುರುರಾಜ್ ಖಾಲಿಯಾದ ಜಾಗಕ್ಕೆ ಕುರ್ಚಿ ಎಳೆದು ಧೊಪ್ಪನೆ ಕೂತರು. ಬಿಸಿಲು ನೆತ್ತಿ ಸುಡುತ್ತಿತ್ತು. ಗಂಟೆಯ ಮೇಲೆ ಫೋನ್ ಬಂತು.

ರಮಾಮಣಿ: ತಲುಪಿದ್ವಿ ರೀ. ಕಾರು ಎಷ್ಟು ಮೆತ್ತಗೆ ಹೋಗುತ್ತೆ ಅಂದ್ರೆ ನಿದ್ದೆ ಬಂದ್ಬಿಡ್ತು. ಆದ್ರೆ ವಿಭಾ ಮನೆ ಮುಂದೆ ನಿಲ್ಸೋಕೆ ಎಲ್ಲೂ ಜಾಗ ಇಲ್ಲ. ದಿವ್ಯ ನನ್ನ ಇಳಿಸಿ ಹೊರಟೋದ್ಲು.

ಗುರುರಾಜ್: (ಕೂತಲ್ಲೇ ಎದೆಯುಬ್ಬಿಸಿ) ನೋಡಿದ್ಯಾ! ಜಾಗದ ಬೆಲೆ ಏನು ಅಂತ ಈಗ ಗೊತ್ತಾಯ್ತಾ?

ರಮಾಮಣಿ: ಗೊತ್ತಾಯ್ತು. ಕಾರಿಗಿಲ್ದಿದ್ರೂ ಮಗಳ ಮನೇಲಿ ನನಗೆ ಜಾಗ ಇದೆ. ನಾಲ್ಕು ದಿನ ಇದ್ದು ಬರ್ತೀನಿ. ನೀವು ಏಳ್ಬೇಡಿ.