ಉಣುಗಿನ ಹೊಟ್ಟೆಯೊಳಗಿನ ಗುಟ್ಟು

ಮಂಗನ ಕಾಯಿಲೆ ಹರಡುವ, ರಕ್ತ ಹೀರುವ ಉಣುಗು ಹುಳ ಹಿಡಿಯುವುದೇ ನನ್ನ ನೌಕರಿ ಎಂದರೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ನೆಂಟರು ನಂಬುತ್ತಿರಲಿಲ್ಲ. ಆ ನೌಕರಿಯಲ್ಲಿ ನಡೆಯುತ್ತಿದ್ದುದನ್ನು ಹೇಳಿದರೆ ಇನ್ನೂ ನಂಬುತ್ತಿರಲಿಲ್ಲ. ಆದರೂ ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತಿದು.

ಬಿಳಿ ಬಟ್ಟೆ

ಭದ್ರಾವತಿಯ ಆಚೆ, ಕಾಡಂಚಿನಲ್ಲಿ ದನ ಮೇಯುವ ಜಾಗ. ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದರೆ ಉಣುಗುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ನಾನು ಎಳೆಯುತ್ತಿದ್ದೆ, ನಮ್ಮ ಡಾಕ್ಟರು ಬಗ್ಗಿ ನೋಡುತ್ತ ಹಿಂದೆ ಬರುತ್ತಿದ್ದರು. ದನ ಕಾಯುತ್ತಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು.

"ಯಾವ ದೇವ್ರು ಬರ್ತಾ ಇರೋದು ತಮ್ಮಾ?"

ದೇವರು ಬರುವ ದಾರಿಗೆ ಬಿಳಿ ಬಟ್ಟೆ ಹಾಸುವುದು ನಮ್ಮ ಕಡೆಯ ಪದ್ಧತಿ.

"ದೇವ್ರಿಗಲ್ಲ ಅಜ್ಜಿ, ಉಣುಗಿಗೆ."

ಅಜ್ಜಿ ಚಪ್ಪಲಿ ಮೆಟ್ಟಿಕೊಂಡರು. "ಅದಕ್ಕೆ ಹಾಸು ಬೇರೆ ಹಾಸ್ತೀರಾ?"

ಉಣುಗಿನಲ್ಲಿ ಕಾಯಿಲೆಯ ವೈರಸ್ ಸಿಕ್ಕರೆ ಅಲ್ಲಿ ದನ ಬಿಡುವಂತಿಲ್ಲ ಎಂದು ಡಾಕ್ಟರು ತಿಳಿಸಿದಾಗ ಅಜ್ಜಿಯ ಮುಖ ಬಾಡಿತು. ಮೇಯಿಸಲು ಬೇರೆ ಜಾಗವಿಲ್ಲ, ಹಸುಗಳನ್ನು ಮಾರಲೇಬೇಕು. ನಾವು ಉಣುಗುಗಳನ್ನು ಐಸ್ ಡಬ್ಬಿಗೆ ತುಂಬುವವರೆಗೂ ಅಜ್ಜಿ ಅಲ್ಲೇ ನಿಂತಿದ್ದರು. "ಬೇಗ ನೋಡಿ ಹೇಳ್ರಪ್ಪಾ" ಎಂದರು. ನನಗೂ ಸಂಕಟವಾಯಿತು.

ಐಸಿನ ಸವಾರಿ

ಜೀಪು ಕೆಟ್ಟಿತ್ತು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ಒಳಗೇನಿದೆ ಎಂದು ಕಂಡಕ್ಟರ್ ಕೇಳಿದ. ಉಣುಗು ಎಂದೆ. ಪಕ್ಕದವರು ಎದ್ದುಹೋದರು, ಮುಂದಿನವರೂ ಎದ್ದುಹೋದರು. ಬೇಸಿಗೆಯ ಸೆಕೆಗೆ ಬೆವರು ಒರೆಸಿಕೊಳ್ಳುತ್ತ ಕಂಡಕ್ಟರ್ ಅಂದ: "ಪುಣ್ಯ ಮಾಡಿದ್ವು ಮಾರಾಯ್ರೇ. ಇಡೀ ಬಸ್ಸಲ್ಲಿ ತಣ್ಣಗೆ ಕೂತಿರೋದು ಅವು ಮಾತ್ರ."

ಫಲಿತಾಂಶ

ಶಿವಮೊಗ್ಗದಿಂದ ಕಳಿಸಿದ ಮೇಲೆ, ದೂರದ ಪ್ರಯೋಗಾಲಯದಲ್ಲಿ ಆ ಉಣುಗುಗಳ ಜೀನ್ ಅಕ್ಷರಗಳನ್ನು ಸಾಲಾಗಿ ಓದಿದರು. ಎಳ್ಳಿಗಿಂತ ಚಿಕ್ಕ ಜೀವ. ಅದರೊಳಗೆ ಯಾವ ವೈರಸ್ ಇದೆ ಎಂಬುದಷ್ಟೇ ಅಲ್ಲ, ಆ ಉಣುಗು ಯಾವ ಪ್ರಾಣಿಯ ರಕ್ತ ಕುಡಿದಿತ್ತು ಎಂಬುದನ್ನೂ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ಮೈ ಜುಂ ಎಂದಿತ್ತು. ಈಗಲೂ ನೆನೆದರೆ ಹಾಗೇ ಆಗುತ್ತದೆ.

ಫಲಿತಾಂಶ ತಿಳಿಸಲು ಒಂದು ಭಾನುವಾರ ಸಂಜೆ ಅಜ್ಜಿಯ ಮನೆಗೆ ಹೋದೆವು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗನೂ ಆಗಷ್ಟೇ ಸ್ನೇಹಿತರ ಮನೆಯಿಂದ ಬಂದಿದ್ದ. ಹಣೆ ತುಂಬ ವಿಭೂತಿ.

"ವೈರಸ್ ಸಿಕ್ಕಿಲ್ಲಮ್ಮ. ಸದ್ಯಕ್ಕೆ ದನ ಬಿಡಬಹುದು" ಎಂದರು ಡಾಕ್ಟರು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೊಟ್ಟಿಗೆಯತ್ತ ಕೈಮುಗಿದರು. ಹುರುಪಿನಲ್ಲಿದ್ದ ಡಾಕ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಒಂದು ಉಣುಗಿನ ಹೊಟ್ಟೇಲಿ ಕಾಡುಕೋಳಿ ರಕ್ತ ಇತ್ತು, ನೋಡಿ."

"ಶಿವಶಿವಾ, ಕೋಳೀದಾ!" ಅಜ್ಜಿ ಮಗನ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹೊಟ್ಟೇಲಿ ಏನಿದೆ ಅಂತ ಅಷ್ಟು ಸರಿಯಾಗಿ ಗೊತ್ತಾಗುತ್ತಾ ಡಾಕ್ಟ್ರೇ?"

"ಗೊತ್ತಾಗುತ್ತಮ್ಮ."

ಮಗ ಒಳಗೆ ಹೋಗಲು ಎದ್ದ. ಅಜ್ಜಿ ಅವನ ತೋಳು ಹಿಡಿದು ಕೂರಿಸಿದರು.

"ಪ್ರತಿ ಭಾನುವಾರ ಸ್ನೇಹಿತರ ಮನೇಲಿ ಬರೀ ಮೊಸರನ್ನ ಉಂಡೆ ಅಂತಾನೆ. ಇವನನ್ನೂ ಒಂದ್ಸಲ ಐಸಲ್ಲಿಟ್ಟು ಕರ್ಕೊಂಡು ಹೋಗಿ."