ಮಾವನ ಕೇಬಲ್ಲು ನಮ್ಮ ತಾರಸಿಗೆ ಬಂದದ್ದು

ನಮ್ಮ ಸೋದರಮಾವ ಪಾಂಡವಪುರದ ಅರ್ಧ ಊರನ್ನು ಕಟ್ಟಿಹಾಕಿದ್ದ ಅಂದರೆ ನೀವು ನಂಬಲಿಕ್ಕಿಲ್ಲ. ಹಗ್ಗದಿಂದಲ್ಲ, ಕಿರುಬೆರಳು ಗಾತ್ರದ ಕರಿ ತಂತಿಯಿಂದ!

ತೊಂಬತ್ತರ ದಶಕದ ಮಾತು. ರಿಪೇರಿಗೆ ಬಂದ ರೇಡಿಯೊಗಳನ್ನೆಲ್ಲ ಬಿಚ್ಚಿ, ಜೋಡಿಸುವುದನ್ನು ಮರೆತು ಹೆಸರು ಮಾಡಿದ್ದ ಮಾವನಿಗೆ ಇದ್ದಕ್ಕಿದ್ದಂತೆ ಊರಿಗೆಲ್ಲ ಪ್ರಪಂಚ ತೋರಿಸುವ ಹುಕಿ ಬಂತು. ಮೈಸೂರಿನಿಂದ ಗಾಡಿಚಕ್ರಕ್ಕಿಂತ ದೊಡ್ಡ ಡಿಶ್ಶು ತಂದು ತನ್ನ ತಾರಸಿಯ ಮೇಲೆ ನಿಲ್ಲಿಸಿದ. ಎದುರುಮನೆ ಅಜ್ಜಿ ಕತ್ತೆತ್ತಿ ನೋಡಿ, "ಇಷ್ಟ್ ದೊಡ್ ಬಾಣ್ಲೇಲಿ ಯಾರ್ ಮದ್ವೆಗಪ್ಪಾ ವಡೆ ಸುಡದು?" ಎಂದು ಕೇಳಿತು.

"ಇಡೀ ಊರಿಗೆ ಕಣಜ್ಜಿ. ನೀನೂ ಎಲೆ ಆಕ್ಕೊಂಡ್ ಕೂತ್ಕೊ," ಅಂದ ಮಾವ.

ಒಂದು ಡಿಶ್ಶು, ಊರಿಗೆಲ್ಲ ಪಾಲು. ಕಂಬದಿಂದ ಕಂಬಕ್ಕೆ ತಂತಿ ಎಳೆದರೆ ಮುಗಿಯಿತಲ್ಲ ಅನ್ನುತ್ತೀರಾ? ಕಂಬ ಕರೆಂಟಿನವರದು, ಅವರು ಮುಟ್ಟಗೊಡುತ್ತಿರಲಿಲ್ಲ. ಹಾಗಾಗಿ ತಂತಿ ತಾರಸಿಯಿಂದ ತಾರಸಿಗೆ, ಹೆಂಚಿನಿಂದ ತೆಂಗಿನಮರಕ್ಕೆ ಹಾರಬೇಕು. ಅದಕ್ಕೆ ಮನೆಯವರು ಒಪ್ಪಬೇಕು. ಅವರು ಒಪ್ಪಬೇಕಾದರೆ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿರಬಾರದು. ನಮ್ಮ ಕಡೆ ಪಕ್ಕದ ಮನೆಯವರ ಜೊತೆ ಮಾತು ಬಿಡದ ಪುಣ್ಯಾತ್ಮರು ಯಾರಿದ್ದಾರೆ ಹೇಳಿ?

"ಕೇಬಲ್ಲು ಕಂಬದ್ ಮ್ಯಾಲೆ ಓಗಲ್ಲ ಕಣ್ಲಾ, ನೆಂಟಸ್ತನದ್ ಮ್ಯಾಲೆ ಓಯ್ತದೆ," ಎಂದು ಮಾವ ನನಗೆ ಪಾಠ ಹೇಳಿದ. ಸುಳ್ಳಲ್ಲ. ಮಾವನ ಮನೆಯಿಂದ ಎರಡು ಮನೆ ಆಚೆಗಿದ್ದ ಟೈಲರಿಗೆ ತಂತಿ ಮುಟ್ಟಿದ್ದು ಊರೆಲ್ಲ ಸುತ್ತಿದ ಮೇಲೆ. ನಡುವಿನ ಮನೆಯವರಿಗೂ ಟೈಲರಿಗೂ ಚರಂಡಿ ಜಗಳ. ಹಾಗಾಗಿ ತಂತಿ ಅವರ ಬೀಗರ ಮನೆ, ಬೀಗರ ಷಡ್ಡಕನ ಮನೆ, ಆ ಷಡ್ಡಕನ ಜೊತೆ ಎಮ್ಮೆ ಸಾಕುತ್ತಿದ್ದವನ ಮನೆ ಎಲ್ಲ ನೋಡಿಕೊಂಡು ಬಂತು. ಅಷ್ಟು ದೂರ ನಡೆದು ಬಂದ ಚಿತ್ರಕ್ಕೆ ಸುಸ್ತಾಗದೆ ಇರುತ್ತದೆಯೇ? ಟೈಲರ್ ಟೀವಿಯಲ್ಲಿ ನಾಯಕ ಯಾರು, ಖಳ ಯಾರು ಎಂದು ದನಿಯಿಂದಲೇ ಗುರುತಿಸಬೇಕಿತ್ತು.

ಸುಸ್ತಾದ ಚಿತ್ರಕ್ಕೆ ಶಕ್ತಿ ತುಂಬಲು ಬೂಸ್ಟರ್ ಎಂಬ ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ಕರೆಂಟು ಬೇಕು. ಮಾವ ಅದನ್ನು ಒಬ್ಬ ರಿಟೈರ್ಡ್ ಮೇಷ್ಟರ ಮನೆಯಲ್ಲಿಟ್ಟ. ಮೇಷ್ಟರು ಸಂಜೆಯೇ ಮುದ್ದೆ ಉಂಡು, ಮೇನ್ ಸ್ವಿಚ್ ಆರಿಸಿ ಮಲಗುವ ಶಿಸ್ತಿನವರು. ಅವರು ಮಲಗಿದರೆ ಅಲ್ಲಿಂದಾಚೆಯ ಊರೇ ಮಲಗಬೇಕು! ಬೇಡಿಕೊಂಡರೂ ಜಗ್ಗಲಿಲ್ಲ. ಮಾವ ಯೋಚಿಸಿ ಮೇಷ್ಟರ ಅತ್ತೆಗೆ ಒಂದು ಧಾರಾವಾಹಿಯ ರುಚಿ ಹತ್ತಿಸಿದ. ಆಮೇಲೆ ಮೇಷ್ಟರು ಆ ಸ್ವಿಚ್ಚಿನ ಹತ್ತಿರ ಸುಳಿದದ್ದನ್ನು ಯಾರೂ ಕಾಣಲಿಲ್ಲ.

ಇಂಥವನಿಗೂ ಒಂದು ಮನೆಗೆ ತಂತಿ ಎಳೆಯಲಾಗಲಿಲ್ಲ. ಅದು ನಮ್ಮ ಮನೆ. ಅವನ ಸ್ವಂತ ಅಕ್ಕನ ಮನೆ.

ಮಾವ ಹೊಸಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ನಮ್ಮಪ್ಪನನ್ನು ತಾನೇ ಬಂದು ಕರೆಯದೆ, ಹಾಲು ಹಾಕುವವನ ಕೈಲಿ ಹೇಳಿ ಕಳಿಸಿದ್ದ. ನಮ್ಮ ಕಡೆ ಮನೆಯ ಹೆಣ್ಣನ್ನು ಕೊಟ್ಟ ಅಳಿಯನನ್ನು ಬಾಗಿಲಿಗೆ ಬಂದು ಕುಂಕುಮ ಇಟ್ಟು ಕರೆಯಬೇಕು. "ಆಲಿನ್ ಕ್ಯಾನ್ ಜೊತೆ ಕರ್ದವ್ನೆ. ಬಾಗ್ಲಿಗ್ ಬಂದು ಕರೀಗಂಟ ಮಾತಿಲ್ಲ," ಅಂದ ಅಪ್ಪ. ಮಾವನ ವಾದವೂ ತೆಗೆದುಹಾಕುವಂಥದ್ದಲ್ಲ: "ಮುಗ್ದೋದ ಗೃಹಪ್ರವೇಶಕ್ಕೆ ಈಗ ಎಂಗ್ಲಾ ಕರೀಲಿ?" ಹೀಗೆ ವರ್ಷಗಳು ಹೋದವು. ನಡುವೆ ಸಿಕ್ಕಿದವಳು ಅವ್ವ. ತಂದೆತಾಯಿ ಇಲ್ಲದ ಅವಳಿಗೆ ತವರು ಅಂತ ಇದ್ದವನು ಈ ತಮ್ಮ ಒಬ್ಬನೇ. ಕೇಬಲ್ಲು ಅವಳಿಗೆ ಬೇಕಿರಲಿಲ್ಲ, ತಮ್ಮ ಬಂದುಹೋಗುವುದು ಬೇಕಿತ್ತು.

ನಮ್ಮ ಮನೆ ದಾಟಿ ಆಚೆಗಿದ್ದವರು ಒಂದು ದಿನ ಗುಂಪಾಗಿ ಬಂದು ಅಪ್ಪನಿಗೆ ದುಂಬಾಲು ಬಿದ್ದರು. ನಮ್ಮ ತಾರಸಿ ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಅಪ್ಪ ತೀರ್ಪು ಕೊಟ್ಟ: "ತಂತಿ ಮ್ಯಾಲೆ ಓಗ್ಲಿ. ಕೆಳಕ್ಕೆ ಇಳೀಕೂಡ್ದು. ಅವ್ನೂ ಅಷ್ಟೆ."

ಮಾವ ಪಕ್ಕದ ಮನೆಯ ಮೆಟ್ಟಿಲು ಹತ್ತಿ, ಮೋಟುಗೋಡೆ ಹಾರಿ ನಮ್ಮ ತಾರಸಿಗೆ ಬಂದ. ತಂತಿಗೆ ಅಲ್ಲೊಂದು ಜಾಯಿಂಟು ಹಾಕಿದ. ಆ ಜಾಯಿಂಟು ಆಗಾಗ ಸಡಿಲವಾಗುತ್ತಿತ್ತು. ಆಚೆ ಮನೆಯವರು ಕೂಗು ಹಾಕುತ್ತಿದ್ದರು, ಮಾವ ಬರುತ್ತಿದ್ದ, ಅವ್ವ ಕಾಫಿ ಲೋಟ ಹಿಡಿದು ಮೇಲೆ ಹೋಗುತ್ತಿದ್ದಳು.

"ಒಸಿ ಸೊರಗಿದ್ದೀಯ ಕಣೋ."

"ಸಿಗ್ನಲ್ಲೂ ಸೊರಗ್ಯದೆ ಕಣಕ್ಕ. ಅದ್ಕೇ ಬಂದೆ."

ತಂತಿಗೆ ಜೋತುಬೀಳುವ ಕೋತಿಗಳ ಕೆಲಸವೆಂದು ಎಲ್ಲರೂ ಕೋತಿಗಳನ್ನು ಬೈದರು, ಜೊತೆಗೆ ಮಾವನನ್ನೂ ಬೈದರು. ಕೊನೆಗೆ ಬೈಗುಳ ತಡೆಯಲಾಗದೆ ಮಾವ ಹೊಸ ಜಾಯಿಂಟು ತಂದು, ಯಾವ ಕೋತಿಗೂ ಜಗ್ಗದಂತೆ ಸ್ಪ್ಯಾನರಿನಲ್ಲಿ ಬಿಗಿದು ಹೋದ. ಅಲ್ಲಿಗೆ ಅವನ ಬರವೂ ನಿಂತಿತು. ತಿಂಗಳುಗಳು ಕಳೆದು ಗೌರಿಹಬ್ಬ ಬಂತು. ತವರಿನಿಂದ ಸೀರೆ, ಅರಿಶಿನ ಕುಂಕುಮ ಬರುವ ದಿನ. ಕೇಬಲ್ಲು ಮಾತ್ರ ಎಲ್ಲರ ಮನೆಯಲ್ಲೂ ಗಿಣಿಯಂತೆ ಮಾತಾಡುತ್ತಿತ್ತು. ಅವ್ವ ಬೀದಿ ಬಾಗಿಲಲ್ಲಿ ಕೂತೇ ಇದ್ದಳು, ಉಣ್ಣಲು ಕರೆದರೂ ಏಳಲಿಲ್ಲ.

ಅಪ್ಪ ಅವಳನ್ನೊಮ್ಮೆ ನೋಡಿ, "ಕೊಬ್ಬರಿ ತಿರುವಾಕಿ ಬತ್ತೀನಿ," ಎಂದು ತಾರಸಿ ಹತ್ತಿದ. ಸಹಾಯಕ್ಕೆಂದು ನಾನೂ ಹತ್ತಿದೆ. ಕೊಬ್ಬರಿ ಒಣಹಾಕಿದಲ್ಲೇ ಇತ್ತು. ಅಪ್ಪ ಟ್ರಾಕ್ಟರಿನ ಸ್ಪ್ಯಾನರು ಹಿಡಿದು, ಹಲ್ಲು ಕಚ್ಚಿ, ಮಾವನ ಹೊಸ ಜಾಯಿಂಟನ್ನು ಸಡಿಲಿಸುತ್ತಿದ್ದ. ಅಭ್ಯಾಸವಾದ ಕೈ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಏನ್ಲಾ ನೋಡ್ತೀಯ?" ಅಂದ. "ನಿಮ್ಮವ್ವ ಬೆಳಿಗ್ಗೆಯಿಂದ ಒಂದ್ ತುತ್ತು ತಿಂದಿಲ್ಲ. ಓಗು, ಕಾಫಿಗ್ ಇಡಾಕ್ ಏಳು. ಈಗ್ ಬತ್ತಾನೆ."

ಆಚೆ ಮನೆಗಳಿಂದ ಆಗಲೇ ಕೂಗು ಎದ್ದಿತ್ತು.

ಅವ್ವನ ಕಾಫಿ ಕುದಿಯುವ ಮೊದಲೇ ಮಾವ ಗೋಡೆ ಹಾರಿದ. ಕಂಕುಳಲ್ಲಿ ಸೀರೆಯ ಚೀಲ. ಬೆಳಿಗ್ಗೆಯಿಂದ ನಮ್ಮ ಬೀದಿ ತಿರುವಿನ ಟೀ ಅಂಗಡಿಯಲ್ಲಿ ಕೂತು, ತನ್ನ ಕೇಬಲ್ಲು ಕೆಡಲಿ ಎಂದು ಕಾಯುತ್ತಿದ್ದನಂತೆ. ಮೇಲೆ ಬಂದ ಅವ್ವ ಸೀರೆಯನ್ನು ಎದೆಗೊತ್ತಿಕೊಂಡು ಅತ್ತಳು. ಅಪ್ಪ ಬೆನ್ನು ತಿರುಗಿಸಿ ಕೊಬ್ಬರಿ ತಿರುವುತ್ತಿದ್ದ. ಮಾವ ಬಗ್ಗಿ ಜಾಯಿಂಟು ನೋಡಿದ, ಸ್ಪ್ಯಾನರಿನ ಹೊಸ ಗೀರುಗಳನ್ನು ನೋಡಿದ, ಆಮೇಲೆ ಅಪ್ಪನ ಬೆನ್ನನ್ನು ಬಹಳ ಹೊತ್ತು ನೋಡಿದ. ತನ್ನ ಸ್ಪ್ಯಾನರನ್ನು ಚೀಲದಲ್ಲೇ ಬಿಟ್ಟು, ಬರಿಗೈಯಲ್ಲಿ ಜಾಯಿಂಟನ್ನು ಸಡಿಲವಾಗಿ ತಿರುವಿ ಹಾಗೇ ಬಿಟ್ಟ.