ಮೆಡಿಕೇಡ್ ಬಿಲ್ಲೂ ನನ್ನ ಎದೆಬಡಿತವೂ

ಈ ವರ್ಷ ಹೆದರಬಾರದು ಅಂತ ಪ್ರತಿ ಆಗಸ್ಟಿನಲ್ಲೂ ಅಂದುಕೊಳ್ಳುತ್ತೇನೆ. ಶಾಲೆ ಶುರುವಾಗಿ ಎರಡು ವಾರ ಕಳೆಯುವುದರೊಳಗೆ ಹೆದರುವಂಥದ್ದು ಏನಾದರೊಂದು ಬಂದೇ ಬರುತ್ತದೆ. ಅಮೆರಿಕದ ಕ್ಯಾರಿ ಎಂಬ ಊರಿನ ಒಂದು ಎಲಿಮೆಂಟರಿ ಶಾಲೆಯಲ್ಲಿ ನಾನು ಸ್ಪೀಚ್ ಥೆರಪಿಸ್ಟ್. ತೊದಲುವ, ಉಚ್ಚಾರ ತಪ್ಪುವ, ಮಾತೇ ಬಾರದ ಮಕ್ಕಳಿಗೆ ಮಾತು ಕಲಿಸುವ ಕೆಲಸ. ಮಕ್ಕಳಿಂದ ನನಗೆ ಯಾವತ್ತೂ ಭಯವಾಗಿಲ್ಲ. ಒಬ್ಬ ಕೈ ಕಚ್ಚಿದಾಗಲೂ ಆಗಲಿಲ್ಲ. ನನ್ನ ಭಯವೆಲ್ಲ ಮೆಡಿಕೇಡ್‌ದು.

ವಿಷಯ ಇಷ್ಟೇ. ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ, ಪ್ರತಿ ಮಗುವಿನ ಶಿಕ್ಷಣ ಯೋಜನೆಯಲ್ಲಿ ಬರೆದಿರುವ ಥೆರಪಿ, ನರ್ಸಿನ ಆರೈಕೆ ಇವನ್ನೆಲ್ಲ ಶಾಲೆ ಪುಕ್ಕಟೆಯಾಗಿ ಕೊಡಲೇಬೇಕು. ಆ ಮಗುವಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದ್ದರೆ, ಖರ್ಚಿನ ಒಂದು ಪಾಲನ್ನು ಶಾಲೆ ಅಲ್ಲಿಂದ ವಾಪಸ್ ಪಡೆಯಬಹುದು. ಅದಕ್ಕಾಗಿ ಪ್ರತಿ ಸೆಷನ್ ಮುಗಿದ ಮೇಲೂ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು, ನಾನೇನು ಮಾಡಿಸಿದೆ, ಮಗು ಏನು ಮಾಡಿತು ಅಂತ ಕಂಪ್ಯೂಟರಿನಲ್ಲಿ ಬರೆಯಬೇಕು. ಈ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವವರು ಕೌಂಟಿ, ಅಂದರೆ ಇಲ್ಲಿಯ ಜಿಲ್ಲೆ, ಅದರ ಆಫೀಸಿನ ಬಿಲ್ಲಿಂಗ್ ಕೋಆರ್ಡಿನೇಟರ್. ಅರವತ್ತರ ಹತ್ತಿರದ ಹೆಂಗಸು, ಎಂದೂ ದನಿ ಏರಿಸಿದವರಲ್ಲ. ಟ್ರೇನಿಂಗಿನ ಮೊದಲ ದಿನ ಅವರು "ತಪ್ಪು ಬರೆದರೆ ಅದು ಫ್ರಾಡ್ ಆಗಬಹುದು" ಅನ್ನುವುದನ್ನು "ಕಾಫಿ ಆ ಕಡೆ ಇದೆ" ಅಂದಷ್ಟೇ ಮೆತ್ತಗೆ ಹೇಳಿದರು. ನನಗೆ ಕಾಫಿ ಸೇರಲಿಲ್ಲ.

ಆಗ ನನ್ನ ಕೆಲಸದ ಪರ್ಮಿಟ್ಟು ನನ್ನವರ ವೀಸಾದ ಬಾಲ ಹಿಡಿದುಕೊಂಡು ಬಂದದ್ದು. ಮನೆಗೆ ಬಂದವಳೇ ಅವರನ್ನು ಕೇಳಿದೆ. "ನಾನೇನಾದ್ರೂ ತಪ್ಪು ಬರೆದು ಜೈಲಿಗೆ ಹೋದ್ರೆ ಏನ್ರೀ ಮಾಡ್ತೀರಿ?"

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ನಿನ್ನ ಜೊತೆ ನನ್ನ ವೀಸಾನೂ ಹೋಗುತ್ತಾ ಅಂತ ಮೊದಲು ಕೇಳ್ಕೊಂಡು ಬಾ" ಅಂದರು.

ಸೀರೆಗಳ ನಡುವೆ

2020ರಲ್ಲಿ ಶಾಲೆ ಮುಚ್ಚಿತು. ಥೆರಪಿಯೆಲ್ಲ ವಿಡಿಯೋದಲ್ಲಿ. ನಿಯಮದ ಪ್ರಕಾರ ನಾನು ಕೂತ ಜಾಗದಲ್ಲಿ ಬೇರೆ ಯಾರೂ ಇರಬಾರದು, ಮಗುವಿನ ಮಾತು ಯಾರ ಕಿವಿಗೂ ಬೀಳಬಾರದು. ನಮ್ಮದು ಎರಡು ರೂಮಿನ ಅಪಾರ್ಟ್‌ಮೆಂಟು. ಒಂದು ರೂಮಿನಲ್ಲಿ ನನ್ನವರ ಮೀಟಿಂಗು. ಇನ್ನೊಂದರಲ್ಲಿ ಮಗ, ಜೊತೆಗೆ ಅತ್ತೆ. ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದವರು ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ಹಾಲ್ ಅಂದರೆ ಅಡುಗೆಮನೆಯ ಮುಂದುವರಿದ ಭಾಗ. ಉಳಿದದ್ದು ಬಟ್ಟೆ ಇಡುವ ಕ್ಲಾಸೆಟ್ ಒಂದೇ. ಅದರೊಳಗೆ ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು ಇಟ್ಟುಕೊಂಡು, ಹಿಂದೆ ರೇಷ್ಮೆ ಸೀರೆಗಳು ನೇತಾಡುತ್ತಿರುವಂತೆ ಕೂತೆ.

ಅವತ್ತಿನ ಹುಡುಗನಿಗೆ ‘ಸ’ಕಾರ ಬರುತ್ತಿರಲಿಲ್ಲ. "ನನ್ನ ಹಾಗೆ ಹೇಳು, ಸ್ಸ್ಸ್" ಅಂದೆ. ಅವನು ‘ಥ್’ ಅಂದ. ನಾನು ಮತ್ತೆ "ಸ್ಸ್ಸ್ಸ್". ಹೀಗೆ ಐದು ನಿಮಿಷ ನಡೆದಿರಬೇಕು. ಬಾಗಿಲಾಚೆಯಿಂದ ಅತ್ತೆಯ ದನಿ ಬಂತು.

"ಯಾರ ಮಗೂನೇ ಅದು? ಬಚ್ಚಲಿಗೆ ಕರ್ಕೊಂಡು ಹೋಗ್ದೆ ಅಲ್ಲೇ ಉಚ್ಚೆ ಹುಯ್ಯಿಸ್ತಿದ್ದೀಯಲ್ಲ, ಸೀರೆ ಗತಿ ಏನು?"

ನನ್ನ ಎದೆ ನಿಂತೇ ಹೋಯಿತು. ಸೆಷನ್ನಿನೊಳಗೆ ಮೂರನೆಯವರ ದನಿ. ಹುಡುಗ ಕಣ್ಣರಳಿಸಿ "ಅದ್ಯಾರು?" ಅಂದ. ಯಾರೂ ಇಲ್ಲ ಅಂದರೆ ಸುಳ್ಳಾಗುತ್ತದೆ. "ನಮ್ಮ ಮನೆಯ ಹಿರಿಯರು" ಅಂದೆ. ಆಮೇಲೆ ನೋಟ್ಸಿನಲ್ಲಿ, ಬಾಗಿಲಾಚೆಯಿಂದ ಕುಟುಂಬದ ಸದಸ್ಯರೊಬ್ಬರ ದನಿ ಬೇರೆ ಭಾಷೆಯಲ್ಲಿ ಕೇಳಿಬಂತು, ಮಗುವಿನ ಯಾವ ಮಾಹಿತಿಯೂ ಹೊರಹೋಗಿಲ್ಲ ಅಂತ ಟೈಪ್ ಮಾಡಿದೆ.

ಸಂಜೆ ಅತ್ತೆ ಮೈಸೂರಿನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು. "ಸೊಸೆ ಬೆಳಗ್ಗೆ ಎಂಟಕ್ಕೆ ಬೀರು ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಹಾವಿನ ಥರ ಬುಸುಗುಡ್ತಾಳೆ ಕಣೇ. ಅದಕ್ಕೆ ಇಲ್ಲಿಯ ಸರ್ಕಾರ ಸಂಬಳ ಕೊಡುತ್ತೆ."

ಹತ್ತು ಗಂಟೆ ನಲವತ್ತೆರಡು ನಿಮಿಷ

ಶಾಲೆ ಮತ್ತೆ ತೆರೆದ ಮೇಲಿನ ಮಾತು. ಮೆಡಿಕೇಡಿನವರಿಗೆ ಸಿಬ್ಬಂದಿಯ ಸಮಯ ಯಾವ ಕೆಲಸಕ್ಕೆ ಹೋಗುತ್ತದೆ ಅಂತ ಗೊತ್ತಾಗಬೇಕು. ಎಲ್ಲರ ಇಡೀ ದಿನವನ್ನು ನೋಡಲಾಗುವುದಿಲ್ಲವಲ್ಲ, ಅದಕ್ಕೆ ಕಂಪ್ಯೂಟರು ಯಾರೋ ಒಬ್ಬರನ್ನು, ಯಾವುದೋ ಒಂದು ನಿಮಿಷವನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಆ ನಿಮಿಷ ಕಳೆದ ಮೇಲೆ ಇಮೇಲ್ ಬರುತ್ತದೆ.

ನನಗೆ ಮೊದಲ ಸಲ ಬಂದದ್ದು ಒಂದು ಮಂಗಳವಾರ. ಈ ದಿನ ಹತ್ತು ನಲವತ್ತೆರಡಕ್ಕೆ ಏನು ಮಾಡುತ್ತಿದ್ದಿರಿ? ಯಾರ ಜೊತೆ? ಯಾಕೆ?

ನೆನಪು ಮಾಡಿಕೊಂಡೆ. ಹತ್ತು ನಲವತ್ತಕ್ಕೆ ಒಂದು ಮಗು ಹೋಗುತ್ತದೆ, ನಲವತ್ತೈದಕ್ಕೆ ಇನ್ನೊಂದು ಬರುತ್ತದೆ. ಇಡೀ ಬೆಳಗಿನಲ್ಲಿ ನನಗೆ ಸಿಗುವ ಬಿಡುವು ಆ ಐದು ನಿಮಿಷ. ಆ ಐದು ನಿಮಿಷದಲ್ಲಿ ನಾನು ಹೋಗುವ ಜಾಗ ಒಂದೇ.

ಸುಳ್ಳು ಬರೆದರೆ ಫ್ರಾಡು. ನಿಜ ಬರೆದರೆ ಮಾನ ಹೋಗುತ್ತದೆ. ಬರೆಯದೆ ಬಿಟ್ಟರೆ ಕೋಆರ್ಡಿನೇಟರ್ ಮೆತ್ತಗೆ ಫೋನ್ ಮಾಡುತ್ತಾರೆ. ಕೊನೆಗೆ ಮಾನವನ್ನೇ ಬಿಟ್ಟೆ. ಏನು ಮಾಡುತ್ತಿದ್ದಿರಿ ಎಂಬಲ್ಲಿ "ರೆಸ್ಟ್‌ರೂಮಿನಲ್ಲಿದ್ದೆ" ಅಂತ ಬರೆದೆ. ಯಾರ ಜೊತೆ ಎಂಬಲ್ಲಿ "ಒಬ್ಬಳೇ". ಯಾಕೆ ಎಂಬಲ್ಲಿ ಬಹಳ ಹೊತ್ತು ಯೋಚನೆ ಮಾಡಿ "ಅಗತ್ಯವಿತ್ತು" ಅಂತ ಬರೆದು ಕಳಿಸಿದೆ.

ಮಾರನೇ ದಿನ ಇನ್ನೊಂದು ಇಮೇಲ್. ಧನ್ಯವಾದಗಳು. ಈ ಚಟುವಟಿಕೆ ಯಾವುದಾದರೂ ವಿದ್ಯಾರ್ಥಿಯ ಶಿಕ್ಷಣ ಯೋಜನೆಯಲ್ಲಿ ನಮೂದಾಗಿದೆಯೇ?

ಅಷ್ಟೇ, ತನಿಖೆ ಶುರುವಾಯಿತು ಅಂದುಕೊಂಡೆ. ಕೋಆರ್ಡಿನೇಟರಿಗೆ ಫೋನ್ ಮಾಡಿ, ನಾನು ಬರೆದದ್ದನ್ನೂ ಅವರು ಕೇಳಿದ್ದನ್ನೂ ಓದಿ ಹೇಳಿದೆ.

"‘ಇಲ್ಲ’ ಅಂತ ಬರೀರಿ" ಅಂದರು. "ದಯವಿಟ್ಟು ಹೆಚ್ಚಿನ ವಿವರ ಕೊಡಬೇಡಿ."

ಭಾನುವಾರದ ಸೇವೆ

ಒಂದು ಬೆಳಗ್ಗೆ ಕೋಆರ್ಡಿನೇಟರೇ ಫೋನ್ ಮಾಡಿದರು. "ನಿಮ್ಮ ದಾಖಲೆಯ ಪ್ರಕಾರ ಒಂದು ಮಗುವಿಗೆ ನೀವು ಭಾನುವಾರ ಮೂವತ್ತು ನಿಮಿಷ ಥೆರಪಿ ಕೊಟ್ಟಿದ್ದೀರಿ."

ಭಾನುವಾರ ಶಾಲೆಗೆ ಬೀಗ. ಇಲ್ಲದ ಸೇವೆಗೆ ಬಿಲ್ಲು. ಟ್ರೇನಿಂಗಿನಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ಪುಟ್ಟ ಮಕ್ಕಳ ಕುರ್ಚಿಯ ಮೇಲೆ ಕೂತೆ. ನನ್ನವರಿಗೆ ಮೆಸೇಜ್ ಮಾಡಿದರೆ, ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದ ಆ ಮನುಷ್ಯ "ಲಾಗೌಟ್ ಮಾಡಿ ಲಾಗಿನ್ ಮಾಡು" ಅಂತ ಉತ್ತರ ಕೊಟ್ಟರು.

ಊಟದ ಬಿಡುವಿನಲ್ಲೇ ಕೌಂಟಿ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋದೆ. ಕೋಆರ್ಡಿನೇಟರ್ ಮುಂದೆ ಕೂತು, ಸೋಮವಾರದ ಸೆಷನ್ನಿನ ತಾರೀಖಿನಲ್ಲಿ ಒಂದು ಅಂಕಿ ತಪ್ಪಾಗಿ ಟೈಪ್ ಮಾಡಿದ್ದೇನೆ, ಬೇಕೆಂದು ಮಾಡಿದ್ದಲ್ಲ, ನನಗೆ ಶಾಲೆಗೆ ಹೋಗುವ ಮಗನೊಬ್ಬನಿದ್ದಾನೆ ಅಂತೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿ, ಬಿಲ್ಲು ಹೋಗುವ ಮೊದಲೇ ಇಂಥವು ದಿನಕ್ಕೆ ಹತ್ತು ಸಿಗುತ್ತವೆ, ಕೆಳಗೆ ಒಂದು ತಿದ್ದುಪಡಿ ಬರೆದರೆ ಮುಗಿಯಿತು ಅಂದರು. ಎರಡು ನಿಮಿಷದ ಕೆಲಸ.

ನಾನು ಏಳುವಾಗ ಹೇಳಿದರು. "ಮುಂದಿನ ಸಲ ತಪ್ಪು ಮಾಡೋದಾದರೆ ವಾರದ ದಿನಗಳಲ್ಲೇ ಮಾಡಿ. ನಮಗೆ ಬೇಗ ಗೊತ್ತಾಗಲ್ಲ."

ಅಪ್ಪನ ಸಹಿ

ನನ್ನ ಹತ್ತಿರ ಆರು ವರ್ಷದ ಒಬ್ಬಳು ಹುಡುಗಿ ಬರುತ್ತಿದ್ದಳು. ಬೆಂಗಳೂರಿನವರ ಮಗಳು, ಹುಟ್ಟಿದ್ದು ಇಲ್ಲೇ. ಹುಟ್ಟಿನಿಂದಲೇ ನರದ ತೊಂದರೆ. ಒಂದು ಪದವೂ ಆಡುತ್ತಿರಲಿಲ್ಲ. ಅಪ್ಪ ಅಮ್ಮನ ಸಂಬಳ ನೋಡದೆ ಮಗುವಿನ ಸ್ಥಿತಿ ನೋಡಿ ಮೆಡಿಕೇಡ್ ಕೊಡುವ ಒಂದು ದಾರಿ ಇದೆ. ಅದರಲ್ಲಿ ಅವಳಿಗೆ ಸಿಕ್ಕಿತ್ತು. ಶಾಲೆ ಬಿಲ್ ಕಳಿಸಬೇಕಾದರೆ ಹೆತ್ತವರ ಒಪ್ಪಿಗೆ ಸಹಿ ಬೇಕು. ಫಾರ್ಮು ಮನೆಗೆ ಹೋಗಿ ಮೂರು ವಾರವಾದರೂ ವಾಪಸ್ ಬರಲಿಲ್ಲ.

ಒಂದು ಮಧ್ಯಾಹ್ನ ಅವಳ ಅಪ್ಪ ಪಾರ್ಕಿಂಗ್ ಲಾಟಿನಲ್ಲಿ ನನಗಾಗಿ ಕಾಯುತ್ತಿದ್ದರು. "ಮೇಡಂ, ಕನ್ನಡದಲ್ಲಿ ಒಂದ್ನಿಮಿಷ ಮಾತಾಡಬಹುದಾ?" ಅಂತ ಎರಡು ಕಾರುಗಳ ಸಂದಿಗೆ ಕರೆದರು. ಕಳ್ಳಮಾಲು ಕೈ ಬದಲಾಯಿಸುವವರ ಹಾಗೆ ನಿಂತೆವು.

"ಇದಕ್ಕೆ ಸೈನ್ ಮಾಡಿದ್ರೆ ಗ್ರೀನ್ ಕಾರ್ಡ್ ರಿಜೆಕ್ಟ್ ಮಾಡ್ತಾರಂತೆ. ಸರ್ಕಾರದ ಮೇಲೆ ಭಾರ ಅಂತಾರಂತೆ. ವಾಟ್ಸ್ಯಾಪ್ ಗ್ರೂಪಲ್ಲಿ ಬಂದಿದೆ. ಸೈನ್ ಮಾಡ್ಲಿಲ್ಲ ಅಂದ್ರೆ ಅವಳ ಥೆರಪಿ ನಿಲ್ಲಿಸ್ತೀರಾ?"

ಅವರ ಕೈಯಲ್ಲಿದ್ದ ಫಾರ್ಮು ಮಡಚಿ ಮಡಚಿ ಬಟ್ಟೆಯಂತಾಗಿತ್ತು. ಅದನ್ನು ನೋಡಿ ನನಗೆ ನಗು ಬರಲಿಲ್ಲ. "ಥೆರಪಿ ನಿಲ್ಲಲ್ಲ" ಅಂದೆ. "ನೀವು ಸೈನ್ ಮಾಡಿ, ಬಿಡಿ, ಅವಳು ನನ್ನ ಹತ್ರ ಬಂದೇ ಬರ್ತಾಳೆ. ಅದು ಕಾನೂನು. ಗ್ರೀನ್ ಕಾರ್ಡ್ ವಿಷಯ ಮಾತ್ರ ಗ್ರೂಪಲ್ಲಿ ಕೇಳಬೇಡಿ, ನಿಮ್ಮ ಲಾಯರನ್ನ ಕೇಳಿ."

ಲಾಯರು ತೊಂದರೆ ಇಲ್ಲ ಅಂದರಂತೆ. ಮರುವಾರ ಫಾರ್ಮು ಬಂತು. ಅದಾದ ಮೇಲೆ ಕೋಆರ್ಡಿನೇಟರ್ ಫೋನ್ ಮಾಡಿ, "ತುಂಬಾ ಚೆನ್ನಾಗಿದೆ, ಆದರೆ ಇದು ಅಪ್ಪನ ಸಹಿಯೋ, ಮಗು ಬಿಡಿಸಿದ ಚಿತ್ರವೋ?" ಅಂತ ಕೇಳಿದರು. ನೋಡಿದರೆ ಕನ್ನಡದಲ್ಲಿ, ಸುತ್ತಿ ಸುತ್ತಿ ಹಾಕಿದ ಸಹಿ.

ಅಪ್ಪನಿಗೆ ಹೇಳಿದೆ. ಅವರ ಮುಖ ಅರಳಿತು. "ಓದೋಕಾಗ್ಲಿಲ್ಲ ತಾನೇ? ಇಮಿಗ್ರೇಶನ್ನೋರಿಗೂ ಆಗಲ್ಲ. ಲಾಯರ್ ಹೇಳಿದ್ರೂ ನಮ್ಮ ಹುಷಾರಲ್ಲಿ ನಾವಿರಬೇಕಲ್ಲ ಮೇಡಂ."

ಸಹಿಯ ಕೆಳಗೇ ಅವರ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾನು ಹೇಳಲಿಲ್ಲ.

ಹನ್ನೊಂದು ನಿಮಿಷ

ಆ ವರ್ಷವೇ ತಪಾಸಣೆ ಬಂತು. ಕಳಿಸಿದ ಬಿಲ್ಲಿಗೂ ನಡೆದ ಕೆಲಸಕ್ಕೂ ತಾಳೆ ಇದೆಯೇ ಅಂತ ನೋಡಲು ಕೌಂಟಿಯಿಂದ ಒಬ್ಬ ಆಡಿಟರು. ಆರಡಿ ಮೀರಿದ ಮನುಷ್ಯ, ಮುಖದಲ್ಲಿ ಒಂದು ಗೆರೆಯೂ ಅಲುಗದು. ಬೆಳಗ್ಗೆಯೆಲ್ಲ ನನ್ನ ನೋಟ್ಸ್ ಓದಿದರು. ಆಮೇಲೆ "ಒಂದು ಸೆಷನ್ ನೋಡಬಹುದೇ?" ಅಂದರು.

ಆ ಹೊತ್ತಿಗೆ ಬರಬೇಕಾದವಳು ಇದೇ ಆರು ವರ್ಷದ ಹುಡುಗಿ.

ಬೇಕಾದದ್ದನ್ನು, ಬೇಡವಾದದ್ದನ್ನು ಎಸೆದು ಕಚ್ಚಿ ತೋರಿಸುವ ಬದಲು ಒಂದು ಪದದಲ್ಲಿ ಹೇಳಬೇಕು ಅನ್ನುವುದು ಅವಳ ಶಿಕ್ಷಣ ಯೋಜನೆಯ ಗುರಿ. ಮನೆಮಾತು ಕನ್ನಡವಾದ್ದರಿಂದ ಎರಡೂ ಭಾಷೆಯಲ್ಲಿ ಕಲಿಸುತ್ತಿದ್ದೆ. ಬೇಕು, ಬೇಡ, ಬಾ, ಹೋಗು. ನಾಲ್ಕು ತಿಂಗಳಾಗಿತ್ತು. ನನ್ನ ನೋಟ್ಸಿನಲ್ಲಿ ಪ್ರತಿ ದಿನದ ಕೊನೆಗೂ ಒಂದೇ ಸಾಲು, ಮಾತಿನ ಪ್ರತಿಕ್ರಿಯೆ ಇಲ್ಲ. ಅಷ್ಟನ್ನೂ ಅವರು ಈಗಷ್ಟೇ ಓದಿದ್ದರು. ಉಪಯೋಗವಿಲ್ಲದ್ದಕ್ಕೆ ಇಷ್ಟು ಹೊತ್ತು ಯಾಕೆ, ಕಡಿಮೆ ಮಾಡಿ ಅಂತ ಎಲ್ಲಿ ಬರೆಯುತ್ತಾರೋ ಅನ್ನುವುದೇ ನನ್ನ ಭಯ. ಅವಳ ಅಪ್ಪನಿಗೆ ನಾನು ಪಾರ್ಕಿಂಗ್ ಲಾಟಿನಲ್ಲಿ ನಿಂತು ಮಾತು ಕೊಟ್ಟಿದ್ದೆ.

ಆಡಿಟರು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಗಲುವ ಹಾಗೆ ಕೂತರು. ನಾನು ಸೋಪಿನ ಗುಳ್ಳೆ ಊದುವ ಡಬ್ಬಿ ತೆಗೆದೆ. ಊದುವುದೇ ಬೇಕಾಗಲಿಲ್ಲ, ಕೈ ನಡುಗಿದ್ದಕ್ಕೇ ಗುಳ್ಳೆ ಎದ್ದವು. ಹುಡುಗಿ ಗುಳ್ಳೆ ನೋಡಲಿಲ್ಲ. ಅವಳ ಕಣ್ಣೆಲ್ಲ ಆಡಿಟರ ಮೇಲೆ. ಅವರು ಏನೋ ಬರೆದರು. ಅವಳು ಹುಬ್ಬು ಗಂಟಿಕ್ಕಿದಳು. ಮತ್ತೆ ಬರೆದರು. ಅವಳು ಕುರ್ಚಿಯಿಂದಿಳಿದು ಅವರ ಎದುರಿಗೆ ಹೋಗಿ ನಿಂತಳು. ಕಚ್ಚುತ್ತಾಳೆ ಅಂತ ನಾನು ಅರ್ಧ ಎದ್ದೆ.

ಅವಳು ಬಾಗಿಲ ಕಡೆ ಬೆರಳು ತೋರಿಸಿದಳು.

"ಹೋಗು" ಅಂದಳು.

ಆರು ವರ್ಷಕ್ಕೆ ಅವಳ ಬಾಯಿಂದ ಬಂದ ಮೊದಲ ಮಾತು. ಆಡಿಟರು ನನ್ನ ಕಡೆ ತಿರುಗಿದರು. "ಏನಂದಳು?"

ಹಲೋ ಅಂದಳು ಅಂತ ಹೇಳಿಬಿಡಲೇ ಅನ್ನಿಸಿತು. ಅವರಿಗೆ ಕನ್ನಡ ಗೊತ್ತಿಲ್ಲ, ಮೊದಲಕ್ಷರವೂ ಒಂದೇ. ಆದರೆ ಅವಳು ಅಷ್ಟು ಕಷ್ಟಪಟ್ಟು ಆಡಿದ ಮಾತನ್ನು ನಾನು ಬದಲಾಯಿಸುವುದೇ?

"‘ಹೋಗು’ ಅಂದಳು ಸರ್. ಅಂದರೆ, ನೀವು ಇಲ್ಲಿಂದ ಹೊರಗೆ ಹೋಗಬೇಕಂತೆ."

"ಮೊದಲೂ ಹೀಗೆ ಹೇಳಿದ್ದಾಳೆಯೇ?"

"ಇಲ್ಲ. ಇದಕ್ಕೆ ಮೊದಲು ಯಾವ ಮಾತೂ ಆಡಿಲ್ಲ."

ಅವರು ಅವಳನ್ನು ಒಂದು ಕ್ಷಣ ನೋಡಿದರು. ಪೆನ್ನು ಮುಚ್ಚಿದರು. "ಹಾಗಾದರೆ ಹೋಗಲೇಬೇಕಲ್ಲ. ಇಲ್ಲದಿದ್ದರೆ ಮಾತಾಡಿ ಏನು ಪ್ರಯೋಜನ ಅಂದುಕೊಳ್ಳುತ್ತಾಳೆ" ಅಂದು, ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿ, ಬಾಗಿಲು ಹಾಕಿಕೊಂಡು ಹೋದರು. ಹುಡುಗಿ ಮುಚ್ಚಿದ ಬಾಗಿಲನ್ನೇ ನೋಡಿ, ಆಮೇಲೆ ನನ್ನನ್ನು ನೋಡಿ ನಕ್ಕಳು. ನಾನು ಸೋಪಿನ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡೆ.

ಅವಳ ಅಪ್ಪನಿಗೆ ಫೋನ್ ಮಾಡಿದೆ. "ಏನಂದ್ಲು ಮೇಡಂ?" ಅಂದರು.

"ಹೋಗು ಅಂದ್ಲು."

"ಯಾರಿಗೆ?"

"ಆಡಿಟರಿಗೆ."

ಆ ಕಡೆಯಿಂದ ಕೇಳಿಸಿದ್ದು ನಗುವೋ ಅಳುವೋ ನನಗೆ ಇವತ್ತಿಗೂ ಗೊತ್ತಿಲ್ಲ.

ವರದಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಬಂದ ದಿನ ಒಬ್ಬಳೇ ಕೂತು ತೆರೆದೆ. ದಾಖಲೆಗಳು ಸರಿಯಾಗಿವೆ, ಸೇವೆ ಹೀಗೇ ಮುಂದುವರಿಯಲಿ ಅಂತಿತ್ತು. ಕೊನೆಯಲ್ಲಿ, ಅರ್ಧ ಗಂಟೆಯ ಸೆಷನ್ನನ್ನು ಪೂರ್ತಿ ನೋಡದಿದ್ದರೆ ಕಾರಣ ತಿಳಿಸಿ ಅನ್ನುವ ಒಂದು ಖಾನೆ. ಅದರಲ್ಲಿ ಆಡಿಟರು ಹೀಗೆ ಬರೆದಿದ್ದರು:

"ಹನ್ನೊಂದನೇ ನಿಮಿಷಕ್ಕೆ, ವಿದ್ಯಾರ್ಥಿನಿಯ ಮೌಖಿಕ ಆದೇಶದ ಮೇರೆಗೆ, ಹೊರನಡೆದೆ."